ತಲೆದಿಕ್ಕಿನ ಕೆಂಪು ತೇಪೆ

ನವಿಲು ಬೇಡ ಎಂದು ಹೇಳಿ ನಾನು ಕಳೆದುಕೊಂಡ ಗಿರಾಕಿಗಳು ಹೊಸದುರ್ಗದಲ್ಲಿ ಕಡಿಮೆಯೇನಿಲ್ಲ. ಕೈಯಲ್ಲಿ ತೇಪೆ ಜೋಡಿಸಿದ ಕೌದಿಯನ್ನು ಚೀಲಕ್ಕೆ ತುರುಕಿಕೊಂಡು ಬರುತ್ತಾರೆ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಒಂದು ಲೋಟ ನೀರು ಕುಡಿಯುತ್ತಾರೆ, ಆಮೇಲೆ ಮೊಬೈಲ್ ತೆಗೆದು ಗರಿ ಬಿಚ್ಚಿದ ನವಿಲೊಂದನ್ನು ತೋರಿಸುತ್ತಾರೆ. "ಇದನ್ನ ನಡುವಿಗೆ ಹೊಡ್ದುಕೊಡ್ರಿ ಅಕ್ಕ. ಸುತ್ತ ಬಳ್ಳಿ ಬರ್ಲಿ, ಮೂಲೆಗೊಂದು ಕಮಲ ಇರ್ಲಿ." ಕೌದಿ ಬಿಡಿಸಿ ನೋಡಿದರೆ ಅದರಲ್ಲಿ ಆಗಲೇ ಹಳೇ ಸೀರೆ, ಲಂಗ, ಗಂಡನ ಚೌಕಳಿ ಶರ್ಟು, ಬಾಗಿಲ ಪರದೆ ಎಲ್ಲ ಸೇರಿ ಸಂತೆ ನೆರೆದಿರುತ್ತದೆ. ಆ ಸಂತೆಯೊಳಗೆ ನವಿಲು ಬಿಟ್ಟರೆ ಆಮೇಲೆ ಹುಡುಕಿಕೊಂಡು ತಿರುಗಬೇಕು. ಹೀಗೆಂದರೆ ಕೆಲವರು ನಗುತ್ತಾರೆ, ಕೆಲವರು ಚೀಲ ಎತ್ತಿಕೊಂಡು ಹೊರಡುತ್ತಾರೆ. ಹೊರಟವರನ್ನು ನಾನು ಕರೆಯುವುದಿಲ್ಲ. ನನ್ನ ಬಾಯಿಗೆ ಬೀಗವಿಲ್ಲ ಎಂದು ನನ್ನ ಗಂಡ ಹೇಳುವುದು ಸುಳ್ಳಲ್ಲ.

ನನ್ನ ಕೆಲಸ ಇಷ್ಟೇ. ಮೇಲೆ ತೇಪೆಯ ಹಾಸು, ನಡುವೆ ಹತ್ತಿ ಇಲ್ಲವೇ ಹಳೇ ಬಟ್ಟೆ, ಕೆಳಗೊಂದು ಸೀರೆ. ಈ ಮೂರೂ ಅಲುಗದಂತೆ ಸೇರಿಸಿ ಹೊಲಿಯಬೇಕು. ಹಿಂದೆ ಇದನ್ನು ಕೈಸೂಜಿಯಲ್ಲೇ ಸಾಲು ಸಾಲಾಗಿ ಹೊಲಿಯುತ್ತಿದ್ದರು, ಒಂದು ಕೌದಿಗೆ ಒಂದು ಬೇಸಿಗೆ ಹಿಡಿಯುತ್ತಿತ್ತು. ಈಗ ನನ್ನ ಹತ್ತಿರ ತೋಳು ಉದ್ದವಿರುವ ದೊಡ್ಡ ಮೆಷಿನ್ ಇದೆ. ದಾವಣಗೆರೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದವರೊಬ್ಬರು ಅಂಗಡಿ ಮುಚ್ಚುವಾಗ ಕೊಂಡು ತಂದದ್ದು. ಸೂಜಿ ನಿಂತ ಕಡೆಯೇ ಕುಟ್ಟುತ್ತಿರುತ್ತದೆ. ಅದರ ಕೆಳಗೆ ಎರಡೂ ಕೈಯಿಂದ ಬಟ್ಟೆಯನ್ನು ಓಡಿಸಬೇಕಾದವಳು ನಾನು. ಪೆನ್ನು ನಿಂತಲ್ಲೇ ನಿಂತು ಕಾಗದ ಓಡಾಡಿ ಅಕ್ಷರ ಮೂಡಿದ ಹಾಗೆ. ಕೈ ಒಂದಿಷ್ಟು ತಪ್ಪಿದರೆ ಬಳ್ಳಿ ಹೋಗಿ ಹಗ್ಗವಾಗುತ್ತದೆ.

ಹೊಲಿಯುವುದಕ್ಕಿಂತ ಆರಿಸುವುದೇ ನನಗೆ ಹೆಚ್ಚು ಕಷ್ಟ. ಚಿತ್ರ ಯಾವುದು ಎಂದು ಗಿರಾಕಿಗಳು ಹೇಳಿಬಿಡುತ್ತಾರೆ, ಚಿತ್ರದ ಸುತ್ತ ಉಳಿಯುವ ಜಾಗದ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಆ ಜಾಗಕ್ಕೆ ನಾನು ಬಯಲು ಎನ್ನುತ್ತೇನೆ. ಬಯಲನ್ನು ಸಣ್ಣ ಹೊಲಿಗೆಯಿಂದ ತುಂಬಬೇಕು, ಅದರಲ್ಲೂ ಬಗೆಗಳಿವೆ. ಡೊಂಕು ಡೊಂಕಾಗಿ ಹರಿಯುವುದಕ್ಕೆ ಹಾವಿನ ನಡೆ, ಗುಂಡು ಗುಂಡಾಗಿ ಒತ್ತೊತ್ತಾಗಿ ಬರುವುದಕ್ಕೆ ಕಡಲೆಕಾಳು, ಒಂದರ ಮೇಲೊಂದು ಕೂರುವುದಕ್ಕೆ ಮೀನಿನ ಹುರುಪೆ, ಎಲ್ಲಕ್ಕಿಂತ ಸಣ್ಣದಕ್ಕೆ ಅಕ್ಕಿಕಾಳು. ಈ ಹೆಸರುಗಳನ್ನೆಲ್ಲ ನಾನೇ ಇಟ್ಟುಕೊಂಡಿದ್ದೇನೆ. ಒತ್ತಾಗಿ ಹೊಲಿದ ಜಾಗ ಚಪ್ಪಟೆಯಾಗಿ ಕೆಳಗೆ ಕೂರುತ್ತದೆ, ಹೊಲಿಯದೆ ಬಿಟ್ಟ ಜಾಗ ಉಬ್ಬಿ ಮೇಲೇಳುತ್ತದೆ. ಹಾಗಾಗಿ ಯಾವುದು ಕಾಣಬೇಕೋ ಅದನ್ನು ಮುಟ್ಟದೆ ಅದರ ಸುತ್ತ ತುಂಬುತ್ತಾ ಬರಬೇಕು. ಅತಿಯಾಗಿ ತುಂಬಿದರೆ ಇನ್ನೊಂದು ಫಜೀತಿ. ಕೌದಿ ರಟ್ಟಿನಂತೆ ಬಿರುಸಾಗುತ್ತದೆ, ಮೈಗೆ ಸುತ್ತಿಕೊಳ್ಳುವುದಿಲ್ಲ. ಅದಕ್ಕೇ ಬಂದವರನ್ನು ನಾನು ಮೊದಲು ಕೇಳುವುದು, "ಇದನ್ನ ಹೊದ್ಕೊಳ್ಳಾಕೋ, ಗೋಡೆಗೆ ನೇತಾಕಾಕೋ?" ಎಂದು.

ಊರವರನ್ನೆಲ್ಲ ಹೀಗೆ ಕೇಳುವ ನಾನು ಒಂದು ಕೌದಿಯ ಬಗ್ಗೆ ಮಾತ್ರ ಕೇಳಿಕೊಳ್ಳಲಿಲ್ಲ. ಅದು ನನ್ನದೇ ಕೌದಿ.

ನನಗೆ ಅವ್ವನ ನೆನಪಿಲ್ಲ. ನನಗೆ ಹಲ್ಲು ಮೂಡುವ ಮೊದಲೇ ಜ್ವರ ಬಂದು ತೀರಿಕೊಂಡಳು. ಅಪ್ಪ ಹೊಳಲ್ಕೆರೆ ಕಡೆಯವನು, ಆಮೇಲೆ ಬೇರೆ ಮದುವೆಯಾದ. ನಾನು ಬೆಳೆದದ್ದು ಭರಮಸಾಗರದಲ್ಲಿ, ಅವ್ವನ ತವರುಮನೆಯಲ್ಲಿ, ದೊಡ್ಡವ್ವನ ಕೈಯಲ್ಲಿ. ದೊಡ್ಡವ್ವ ಎಂದರೆ ಅವ್ವನ ಒಡಹುಟ್ಟಿದ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ, ದೊಡ್ಡಪ್ಪ ಆ ಮನೆಯಲ್ಲೇ ಇದ್ದುಕೊಂಡು ಬಸ್ ನಿಲ್ಲುವಲ್ಲಿ ಸಣ್ಣ ಅಂಗಡಿ ಇಟ್ಟಿದ್ದ. ನನ್ನ ತಲೆ ಬಾಚಿದವಳು, ಬೈದವಳು, ಸ್ಕೂಲಿಗೆ ಹೋಗದೆ ಕೆರೆ ಏರಿಯ ಮೇಲೆ ಕೂತಾಗ ಕಿವಿ ಹಿಂಡಿ ಎಳೆದುಕೊಂಡು ಹೋದವಳು, ಮದುವೆ ಮಾಡಿ ಹೊಸದುರ್ಗದ ಬಸ್ಸು ಹತ್ತಿಸಿದವಳು, ಎಲ್ಲ ಅವಳೇ. ಆದರೂ ಅವಳು ನನಗೆ ದೊಡ್ಡವ್ವ. ಅವ್ವ ಎಂಬ ಮಾತನ್ನು ಮನೆಯವರೆಲ್ಲ ಗೋಡೆಯ ಮೇಲಿನ ಫೋಟೋಕ್ಕೆ ಮೀಸಲಿಟ್ಟಿದ್ದರು. "ಅವ್ವಗೆ ಕೈ ಮುಗಿ" ಎಂದರೆ ನಾನು ಫೋಟೋದ ಕಡೆ ತಿರುಗುತ್ತಿದ್ದೆ.

ಆ ಫೋಟೋ ಬಿಟ್ಟರೆ ಅವ್ವನದು ಎಂದು ನನಗೆ ಉಳಿದದ್ದು ಆ ಕೌದಿ ಒಂದೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಕುಲಾವಿ ಬಿಟ್ಟು ಕೌದಿಯನ್ನೇ ಹೊಲಿದಿದ್ದರು. ಅವ್ವ ಹೆರಿಗೆಗೆಂದು ತವರಿಗೆ ಬಂದಾಗ ನಡುಮನೆಯಲ್ಲಿ ಕೌದಿ ಹಾಸಿ ನಾಲ್ಕು ಜನ ನಾಲ್ಕು ಬದಿಗೆ ಕೂತರಂತೆ: ಅಜ್ಜಿ, ದೊಡ್ಡವ್ವ, ಅವ್ವ, ಪಕ್ಕದ ಮನೆಯ ಅತ್ತೆ. ನಮ್ಮಲ್ಲಿ ಹೊಲಿಯುತ್ತಿದ್ದುದೇ ಹಾಗೆ. ಒಬ್ಬೊಬ್ಬರೂ ತಮ್ಮ ಅಂಚಿನಿಂದ ಶುರು ಮಾಡಿ ಒಳಕ್ಕೆ ಒಳಕ್ಕೆ ಸಾಲು ಹಾಕುತ್ತಾ ಹೋಗಿ ನಡುವಿನಲ್ಲಿ ಸೇರುತ್ತಾರೆ. ಮುಗಿದ ಮೇಲೆ ನೋಡಿದರೆ ಕೌದಿ ಅಂಚೆ ಲಕೋಟೆಯ ಹಿಂಬದಿಯ ಹಾಗೆ ನಾಲ್ಕು ಪಾಲಾಗಿ ಕಾಣುತ್ತದೆ. ನಾಲ್ಕು ಪಾಲಿಗೆ ನಾಲ್ಕು ಕೈ. ನನ್ನ ಕೌದಿಯಲ್ಲಿ ಒಂದು ಪಾಲು ಅವ್ವನ ಕೈಯದು. ಅವಳು ನನಗಾಗಿ ಮಾಡಿದ್ದರಲ್ಲಿ ನಾನು ಮುಟ್ಟಿ ನೋಡಬಹುದಾದದ್ದು ಅಷ್ಟೇ.

ಮದುವೆಯಾಗಿ ಬರುವಾಗ ಅದನ್ನು ಟ್ರಂಕಿನಲ್ಲಿ ತಂದಿದ್ದೆ. ವರ್ಷಗಳಾದ ಹಾಗೆ ಬಟ್ಟೆ ಜೂಲು ಜೂಲಾಯಿತು. ಎತ್ತಿ ಕೊಡವಿದರೆ ನಡುವಿನ ಹಳೇ ಬಟ್ಟೆ ಉಂಡೆಯಾಗಿ ಒಂದು ಮೂಲೆಗೆ ಸರಿಯುತ್ತಿತ್ತು. ಊರಿನವರ ಕೌದಿಗಳನ್ನೆಲ್ಲ ಗಟ್ಟಿ ಮಾಡಿ ಕೊಡುವವಳು ನನ್ನದನ್ನು ಹೀಗೆ ಬಿಟ್ಟರೆ ಇನ್ನೆರಡು ಒಗೆತಕ್ಕೆ ಹರಿದು ಹೋಗುತ್ತದೆ ಎನಿಸಿತು. ಕೆಳಗೆ ಹೊಸ ಬಟ್ಟೆ ಕೊಟ್ಟು ಮೆಷಿನ್‌ನಲ್ಲಿ ಹೊಲಿದರೆ ನನ್ನ ಕಾಲಕ್ಕಾದರೂ ಉಳಿಯುತ್ತದೆ. ಆದರೆ ಅವ್ವನ ಹೊಲಿಗೆಯ ಮೇಲೆ ಮೆಷಿನ್ ಓಡಿಸಲು ಮನಸ್ಸು ಬರಲಿಲ್ಲ. ಅವ್ವನ ಪಾಲನ್ನು ಹಾಗೇ ಬಿಡಬೇಕು, ಉಳಿದ ಮೂರು ಪಾಲನ್ನು ಒತ್ತಾಗಿ ತುಂಬಬೇಕು, ಆಗ ಅವ್ವನ ಹೊಲಿಗೆ ಒಂದೇ ಉಬ್ಬಿ ಮೇಲೆ ಬಂದು ಎದ್ದು ಕಾಣುತ್ತದೆ. ಯೋಚನೆ ಬಂದಾಗ ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ.

ಅವ್ವನ ಪಾಲು ಯಾವುದು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ. ಅಜ್ಜಿಯದು ಉದ್ದನೆಯ ಹೊಲಿಗೆ, ಒಂದು ಪಕ್ಕಕ್ಕಿತ್ತು. ಇನ್ನೊಂದು ಪಕ್ಕದ್ದು ಸೊಟ್ಟ, ಅದು ಪಕ್ಕದ ಮನೆ ಅತ್ತೆಯದೇ. ಆಕೆಯ ರಂಗೋಲಿಯೂ ಹಾಗೇ ಇರುತ್ತಿತ್ತು. ಮೇಲಿನ ಪಾಲು, ಕೆಳಗಿನ ಪಾಲು ಎರಡೂ ಒಂದೇ ಥರ, ಸಣ್ಣ ಸಣ್ಣ ಒಪ್ಪವಾದ ಹೊಲಿಗೆ. ಅಕ್ಕ ತಂಗಿ ಇಬ್ಬರೂ ಒಬ್ಬಳೇ ತಾಯಿಯ ಹತ್ತಿರ ಕಲಿತವರು. ಎಷ್ಟು ನೋಡಿದರೂ ನನಗೆ ಭೇದ ತಿಳಿಯಲಿಲ್ಲ. ಭರಮಸಾಗರಕ್ಕೆ ಫೋನ್ ಮಾಡಿದೆ.

"ದೊಡ್ಡವ್ವ, ನನ್ನ ಕೌದಿ ಹೊಲಿವಾಗ ಅವ್ವ ಯಾವ ಕಡೆ ಕುಂತಿದ್ಲು?"

"ತಲೆದಿಕ್ಕಿಗೆ," ಎಂದಳು ತಡೆಯದೆ. "ಹೊಟ್ಟೇಲಿ ಕೂಸಿರೋಳು ಕಾಲ್ದಿಕ್ಕಿಗೆ ಕುಂತ್ಕಬಾರ್ದು ಅಂತ ಅಜ್ಜಿನೇ ಅಲ್ಲಿ ಕುಂಡ್ರಿಸಿದ್ಲು. ಯಾಕವ್ವ?"

"ಸುಮ್ನೆ ಕೇಳ್ದೆ."

ಅಷ್ಟೇ ಮಾತು. ನೀನೆಲ್ಲಿ ಕೂತಿದ್ದೆ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ತಲೆದಿಕ್ಕು ಯಾವುದು ಎಂದು ತಿಳಿಯುವುದು ಸುಲಭ. ನಮ್ಮ ಕಡೆ ಕೌದಿಯ ಒಂದು ಅಂಚಿಗೆ ಅಂಗೈಯಗಲದ ಕೆಂಪು ತೇಪೆ ಹಾಕುತ್ತಾರೆ. ಕೌದಿಗೆ ತಲೆ ಯಾವುದು ಕಾಲು ಯಾವುದು ಗೊತ್ತಾಗುವುದಿಲ್ಲವಲ್ಲ, ಇವತ್ತು ಕಾಲಿಗೆ ಬಂದ ಅಂಚು ನಾಳೆ ಮುಖಕ್ಕೆ ಬರಬಾರದು ಎಂದು ಗುರುತು. ಕೆಂಪು ತೇಪೆಯ ಕಡೆ ತಲೆ. ಸಣ್ಣವಳಿದ್ದಾಗ ಆ ತೇಪೆಯನ್ನು ಬೆರಳಲ್ಲಿ ಉಜ್ಜುತ್ತಾ ನಿದ್ದೆ ಹೋಗುತ್ತಿದ್ದೆ, ಅದರ ಬಣ್ಣ ಅರ್ಧ ನನ್ನ ಬೆರಳಿಗೇ ಹೋಗಿರಬೇಕು. ಇನ್ನು ಅನುಮಾನಕ್ಕೆ ಎಡೆ ಎಲ್ಲಿ?

ಬಯಲಿಗೆ ಏನು ತುಂಬುವುದು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಗಿರಾಕಿಗಳ ಕೌದಿಗೆ ನಿಂತ ಕಾಲಲ್ಲಿ ಹೇಳುವವಳು ನನ್ನದಕ್ಕೆ ಹಳೇ ಬೆಡ್‌ಶೀಟಿನ ಚೂರುಗಳ ಮೇಲೆ ಹೊಲಿದು ಹೊಲಿದು ನೋಡಿದೆ. ಹಾವಿನ ನಡೆ ಸಡಿಲವಾಯಿತು, ಅವ್ವನ ಪಾಲು ಉಬ್ಬಿ ಕಾಣಲು ಅದು ಸಾಲದು. ಮೀನಿನ ಹುರುಪೆಯಲ್ಲಿ ಕಣ್ಣು ಹುರುಪೆಯ ಕಡೆಗೇ ಹೋಗುತ್ತಿತ್ತು. ಕಡಲೆಕಾಳು ಚೆನ್ನಾಗಿತ್ತು, ಆದರೆ ತೇಪೆಗಳ ಬಣ್ಣದ ಜೊತೆ ಜಗಳಕ್ಕೆ ನಿಂತಿತು. ಕೊನೆಗೆ ಅಕ್ಕಿಕಾಳು ಎಂದು ತೀರ್ಮಾನ ಮಾಡಿದೆ, ಬಟ್ಟೆಯೊಳಗೆ ಮುಳುಗಿ ಹೋಗುವ ಮಾಸಲು ದಾರದಲ್ಲಿ. ಬಿರುಸಾಗುತ್ತದೆ ಎಂದು ಗೊತ್ತಿತ್ತು. ಗಿರಾಕಿಯದಾಗಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ. ಆದರೆ ಮುಖಕ್ಕೆ ಬರುವ ತಲೆದಿಕ್ಕು ಮೆತ್ತಗೇ ಉಳಿಯುತ್ತದೆ, ಉಳಿದದ್ದು ಹೇಗಿದ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಳೇ ಕೈಹೊಲಿಗೆಯ ಮೇಲೆ ಹಾಗೇ ಮೆಷಿನ್ ಓಡಿಸಿದರೆ ಸಡಿಲಾದ ದಾರ ಸಿಕ್ಕಿಕೊಂಡು ಬಟ್ಟೆ ನೆರಿಗೆ ಬೀಳುತ್ತದೆ. ಹಾಗಾಗಿ ತುಂಬಬೇಕಾದ ಮೂರು ಪಾಲಿನ ದಾರವನ್ನು ಮೊದಲು ಬಿಚ್ಚಿ ತೆಗೆದೆ. ಅಜ್ಜಿಯದು ಬಿಚ್ಚುವಾಗ ಸ್ವಲ್ಪ ಕಸಿವಿಸಿಯಾಯಿತು. ಅತ್ತೆಯದು ಬಿಚ್ಚುವಾಗ ಆಕೆಯ ರಂಗೋಲಿ ನೆನಪಾಯಿತು. ಇಬ್ಬರದೂ ಸಾಲು ಸಾಲಿಗೆ ಗಂಟು, ಕತ್ತರಿ ತುದಿಯಲ್ಲಿ ಒಂದೊಂದನ್ನೇ ಕೀಳಬೇಕಾಯಿತು. ಕಾಲ್ದಿಕ್ಕಿನ ಪಾಲು ಮಾತ್ರ ಸಲೀಸು. ಗಂಟೇ ಇಲ್ಲ. ಸಾಲಿನ ಕೊನೆಯಲ್ಲಿ ದಾರವನ್ನು ಹಿಂದಕ್ಕೆ ಮಡಿಸಿ ಬಟ್ಟೆಯೊಳಗೆ ಸೇರಿಸಿಬಿಟ್ಟಿದ್ದರು, ತುದಿ ಹಿಡಿದು ಎಳೆದರೆ ಸರ್ರನೆ ಉದ್ದಕ್ಕೆ ಬರುತ್ತಿತ್ತು. ದೊಡ್ಡವ್ವನಿಗೆ ಗಂಟು ಹಾಕಲೂ ಸೋಮಾರಿತನ ನೋಡು ಎಂದು ನಗು ಬಂತು. ಆ ಅಂಚಿನಲ್ಲಿ ಅಂಗೈಯಗಲದ ಚೌಕವಾಗಿ ಹಳೇ ಸೂಜಿತೂತುಗಳ ಗುರುತಿತ್ತು. ಯಾವುದೋ ಕಾಲದಲ್ಲಿ ಹರಿದು ತೇಪೆ ಹಾಕಿ ತೆಗೆದಿರಬೇಕು ಎಂದುಕೊಂಡು ಅದರ ಮೇಲೂ ಅಕ್ಕಿಕಾಳು ತುಂಬಿದೆ. ಬಿಚ್ಚಿದ ದಾರವನ್ನೆಲ್ಲ ಗುಡಿಸಿ ಚಿಂದಿಯ ಚೀಲಕ್ಕೆ ಹಾಕಿದ್ದೆ, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಗೆ ಆ ಚೀಲ ಹೋಯಿತು.

ಹೊಲಿದು ಮುಗಿಸಿ, ನೀರಿಗೆ ಹಾಕಿ, ನೆರಳಲ್ಲಿ ಒಣಗಿಸಿ ಹಾಸಿದ ದಿನ ನಾನು ನನ್ನ ಕೆಲಸವನ್ನು ನೋಡುತ್ತಾ ನಿಂತುಬಿಟ್ಟೆ. ಮೂರು ಪಾಲು ಒಂದೇ ಸಮ ಚಪ್ಪಟೆಯಾಗಿ ಕೂತಿತ್ತು. ತಲೆದಿಕ್ಕಿನ ಪಾಲು, ಕೆಂಪು ತೇಪೆಯ ಕೆಳಗೆ, ಆಗ ತಾನೇ ಉಬ್ಬಿದ ರೊಟ್ಟಿಯ ಹಾಗೆ ಮೇಲೆದ್ದಿತ್ತು. ಅದರ ಮೇಲೆ ಸಣ್ಣ ಸಣ್ಣ ಕೈಹೊಲಿಗೆ ಸಾಲಾಗಿ ಹೋಗಿತ್ತು. ಮುಟ್ಟಿದೆ, ಕೆನ್ನೆ ಒತ್ತಿದೆ. ಆ ವಯಸ್ಸಿನಲ್ಲೂ ಅತ್ತುಬಿಟ್ಟೆ, ಅದೂ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು. ಒಳಗೆ ಬಂದ ನನ್ನ ಗಂಡ ಸುಮ್ಮನೆ ಹಿಂದಕ್ಕೆ ಹೋದ. ಅವನು ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದವನು, ಮಾತು ಕಡಿಮೆ.

ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. ನವಿಲಿನವರಿಗೂ ತೋರಿಸಿದೆ. "ನೋಡ್ರಿ, ಚಿತ್ರನೇ ಇಲ್ಲ. ಬಿಟ್ಟಿರೋ ಜಾಗನೇ ಚಿತ್ರ. ಇದು ನಮ್ಮವ್ವನ ಹೊಲಿಗೆ." ಹಾಗೆ ಹೇಳುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತಿತ್ತು. ನಮ್ಮವ್ವನ ಅಡುಗೆ, ನಮ್ಮವ್ವನ ಬೈಗುಳ ಎಂದು ಬೇರೆಯವರು ಹೇಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ಅಂಥ ಒಂದು ಮಾತು ನನಗೂ ಸಿಕ್ಕಿತ್ತು.

ಆ ವರ್ಷ ದೊಡ್ಡವ್ವನಿಗೆ ಚಿತ್ರದುರ್ಗದಲ್ಲಿ ಕಣ್ಣಿನ ಆಪರೇಷನ್ ಆಯಿತು. ದೊಡ್ಡಪ್ಪ ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು. ಕಣ್ಣು ಸುಧಾರಿಸುವವರೆಗೆ ನನ್ನ ಹತ್ತಿರ ಇರಲಿ ಎಂದು ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಒಂದು ಕಣ್ಣು ಇನ್ನೂ ಮಂಜು ಮಂಜು. ಆದರೂ ದಾರಿಯುದ್ದಕ್ಕೂ "ಇದ್ಯಾವೂರೇ? ಇಲ್ಲಿ ಯಾಕೆ ನಿಲ್ಸಿದ?" ಎಂದು ಕಂಡಕ್ಟರನ ತಲೆ ತಿಂದಳು. ಮನೆಗೆ ಬಂದು ಕೈಕಾಲು ತೊಳೆದು, ಟೀ ಕುಡಿದು ಮುಗಿಸುವುದರೊಳಗೆ ನಾನು ಕೌದಿ ತಂದು ಅವಳ ತೊಡೆಯ ಮೇಲೆ ಹಾಸಿದ್ದೆ. ಕಾಯುವ ತಾಳ್ಮೆ ನನಗೆಲ್ಲಿ?

"ಮುಟ್ಟಿ ನೋಡು ದೊಡ್ಡವ್ವ. ಅವ್ವನ ಹೊಲಿಗೆ ಹೆಂಗೈತೋ ಹಂಗೇ ಬಿಟ್ಟೀನಿ."

ಅವಳು ಕೆಂಪು ತೇಪೆಯಿಂದ ಶುರು ಮಾಡಿ ಬೆರಳು ಆಡಿಸಿದಳು. ಒಂದು ಸಾಲಿನ ಉದ್ದಕ್ಕೂ ಹೋಗಿ ಕೊನೆಯಲ್ಲಿ ನಿಲ್ಲಿಸಿದಳು. ಬಟ್ಟೆಯ ಕೆಳಗೆ ಕೈ ಹಾಕಿ ಏನನ್ನೋ ಹಿಸುಕಿದಳು. ಇನ್ನೊಂದು ಸಾಲಿಗೆ ಹೋಗಿ ಅಲ್ಲೂ ಹಿಸುಕಿದಳು.

"ಇಲ್ಲಿ ಗಂಟೈತಲ್ಲೇ," ಎಂದಳು.

"ಇದ್ದೇ ಇರ್ತತೆ."

"ಗಂಟು ಹಾಕ್ತಿದ್ದೋಳು ನಾನು ಕಣೆ. ಇದು ನನ್ನ ಕೈಯಿಂದು. ನಿಮ್ಮವ್ವ ಗಂಟು ಹಾಕ್ತಿರ್ಲಿಲ್ಲ. ಕೂಸಿನ ಮೈಗೆ ಒತ್ತುತ್ತೆ ಅಂತ ದಾರ ಹಿಂದಕ್ಕೆ ಮಡ್ಸಿ ಒಳಗೆ ಸೇರಿಸೋಳು. ಒಂದು ಸಾಲಿಗೆ ಎರಡು ಸಾಲಿನ ಹೊತ್ತು ತಗೊಂತಾಳೆ ಅಂತ ಅಜ್ಜಿ ರೇಗೋಳು." ಅವಳ ಕೈ ಕೌದಿಯ ಮೇಲೆ ಹುಡುಕುತ್ತಾ ಆ ಕಡೆ ಹೋಯಿತು. ಅಕ್ಕಿಕಾಳಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. "ನಿಮ್ಮವ್ವಂದು ಎಲ್ಲಿ?"

ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸರ್ರನೆ ಬಂದ ದಾರ ನನ್ನ ಬೆರಳಿಗೆ ಗೊತ್ತಿತ್ತು. ಆದರೂ ಬಾಯಿ ವಾದಕ್ಕಿಳಿಯಿತು. "ತಲೆದಿಕ್ಕು ಅಂತ ನೀನೇ ಹೇಳಿದ್ದು! ಕೆಂಪು ತೇಪೆ ಇಲ್ಲೇ ಐತಲ್ಲ!"

ಅವಳು ಹಣೆ ಬಡಿದುಕೊಂಡಳು. ಕಣ್ಣಿಗೆ ಆಪರೇಷನ್ ಆದವಳು ಹಾಗೆ ಬಡಿದುಕೊಳ್ಳಬಾರದು ಎಂದು ನಾನು ಅವಳ ಕೈ ಹಿಡಿದುಕೊಂಡೆ.

"ಅಯ್ಯೋ, ತೇಪೆ ತಿರುಗ್ಸಿದ್ನಲ್ಲೇ," ಎಂದಳು. "ನಿಮ್ಮವ್ವ ನಿನ್ನ ಮಗ್ಗುಲಾಗೆ ಹಾಕ್ಕೊಂಡು ಇದನ್ನೇ ಹೊದ್ಕೊಂತಿದ್ಲು. ಜ್ವರ ಬಂದಾಗ್ಲೂ ಇದೇ. ಹೋದೋರು ಹೊದ್ದಿದ್ದನ್ನ ಹಂಗೇ ಕೂಸಿಗೆ ಹೊದಿಸ್ಬಾರ್ದು ಅಂತ ತೇಪೆ ಬಿಚ್ಚಿ ಆ ಕಡೆ ಅಂಚಿಗೆ ಹಾಕ್ದೆ. ತಲೆದಿಕ್ಕು ಕಾಲ್ದಿಕ್ಕಾತು. ನೀನು ಫೋನಾಗೆ ಕೇಳಿದ್ದು ಎಲ್ಲಿ ಕುಂತಿದ್ಲು ಅಂತ. ನಂಗೆ ಆ ದಿನ ನಡುಮನ್ಯಾಗೆ ಕುಂತಿದ್ದೇ ಕಣ್ಣಿಗೆ ಬಂತು ನೋಡು. ತೇಪೆ ನೆನಪಾಗ್ಲಿಲ್ಲ ಕಣವ್ವ."

ಸತ್ತವರು ಹೊದ್ದ ಕೌದಿಯನ್ನು ಎಸೆಯುವಷ್ಟು ಬಟ್ಟೆ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾಗಿ ತಲೆದಿಕ್ಕು ತಿರುಗಿಸಿ ಇರುವವರಿಗೆ ಹೊದಿಸುತ್ತಿದ್ದರು. ಮಕ್ಕಳಿಗೆ ಹೇಳಿದರೆ ಹೆದರುತ್ತವೆ ಎಂದು ಹೇಳುತ್ತಿರಲಿಲ್ಲ. ಇಷ್ಟು ವರ್ಷ ಕೌದಿಗಳ ನಡುವೆಯೇ ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಅಂಚಿನಲ್ಲಿ ಅಂಥ ಸೂಜಿತೂತಿನ ಚೌಕ ಇರುವ ಕೌದಿಗಳು ನನ್ನ ಮೆಷಿನ್ ಕೆಳಗೆ ಎಷ್ಟು ಹೋಗಿವೆಯೋ. ಪ್ರತಿ ಸಲವೂ ಹರಿದು ಹಾಕಿದ ತೇಪೆ ಎಂದೇ ತಿಳಿದಿದ್ದೆ.

ದೊಡ್ಡವ್ವ ಅಳತೊಡಗಿದಳು. ನಾನು ಅಳಲಿಲ್ಲ, ಎದ್ದು ಹೋಗಿ ಮೆಷಿನ್ ಕೆಳಗೆ ಬಗ್ಗಿ ನೋಡಿದೆ. ಚಿಂದಿಯ ಚೀಲ ಹೋಗಿ ವಾರಗಳಾಗಿದ್ದವು ಎಂದು ಗೊತ್ತಿದ್ದೂ ನೋಡಿದೆ. ಗೋಡೆಯ ಸಂದಿಯಲ್ಲಿ ಕೈ ಹಾಕಿದೆ. ಯಾರದೋ ಕೌದಿಯ ಹಸಿರು ದಾರದ ಉಂಡೆ ಸಿಕ್ಕಿತು. ಅಕ್ಕಿಕಾಳನ್ನು ಬಿಚ್ಚಬಹುದೇ ಎಂದೂ ಯೋಚಿಸಿದೆ. ಬಿಚ್ಚಿದರೆ ಸಿಗುವುದೇನು? ಜರಡಿಯಂತೆ ತೂತಾದ ಬಟ್ಟೆ. ಅವ್ವನ ದಾರ ಅದರಲ್ಲಿರಲಿಲ್ಲ, ನಾನೇ ತುದಿ ಹಿಡಿದು ಎಳೆದಿದ್ದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಊರವರಿಗೆಲ್ಲ ಹೇಳುತ್ತೇವೆ, ನಮಗೆ ಬಂದಾಗ ಆ ಗಾದೆ ಹೊಟ್ಟೆಗೂ ಬಟ್ಟೆಗೂ ಸಾಲುವುದಿಲ್ಲ. ನನ್ನ ಮೈಗೆ ಒತ್ತಬಾರದೆಂದು ಒಬ್ಬಳು ಎರಡು ಸಾಲಿನ ಹೊತ್ತು ತೆಗೆದುಕೊಂಡು ಮಡಿಸಿಟ್ಟಿದ್ದ ದಾರವನ್ನು ಸೋಮಾರಿತನ ಎಂದು ನಕ್ಕಿದ್ದೆನಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇನ್ನೂ ಒಂದಿದೆ. ಮಾರನೆಯ ದಿನ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ, ದೊಡ್ಡವ್ವ ಎದುರಿಗೆ ಕೂತು ತಡಕಿ ತಡಕಿ ತಾನೂ ಸುಲಿಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಕೇಳಿದಳು.

"ನಿಮ್ಮವ್ವಂದು ಅಂದ್ಕೊಂಡು ಬಿಟ್ಟಿ. ನಂದು ಅಂತ ಗೊತ್ತಿದ್ರೆ ನೀನು ಬಿಡ್ತಿದ್ಯೇನೆ?"

ಕುಹಕ ಇರಲಿಲ್ಲ. ಅವಳು ನಗುತ್ತಲೇ ಕೇಳಿದ್ದು. "ಬಿಡ್ತಿದ್ದೆ" ಎಂದೆ. ಬೇಗ ಎಂದೆ, ಬೇಕಾದ್ದಕ್ಕಿಂತ ಬೇಗ. ಅವಳು "ಹೂಂ" ಎಂದು ಸಿಪ್ಪೆಯನ್ನು ಮೊರದ ಆಚೆಗೆ ಹಾಕಿ ಇನ್ನೊಂದು ಕಾಯಿ ತೆಗೆದುಕೊಂಡಳು.

ಬಿಡುತ್ತಿರಲಿಲ್ಲ. ದೊಡ್ಡವ್ವನದು ಎಂದು ತಿಳಿದೇ ತಾನೇ ಆ ಪಾಲಿನ ದಾರ ಎಳೆದದ್ದು, ಅದೂ ನಗುತ್ತಾ. ಮುಖಕ್ಕೆ ತಾಗುವ ಕಡೆ ಇದ್ದದ್ದು ಯಾವಾಗಲೂ ಅವಳ ಹೊಲಿಗೆ. ಬೆರಳಲ್ಲಿ ತೇಪೆ ಉಜ್ಜುತ್ತಾ ನಿದ್ದೆ ಹೋದಾಗ, ಜ್ವರದಲ್ಲಿ ಬೆವರಿದಾಗ, ಮದುವೆಯ ಹಿಂದಿನ ದಿನ ಮುಖ ಮುಚ್ಚಿಕೊಂಡು ಅತ್ತಾಗ, ಕೆನ್ನೆಗಿದ್ದದ್ದು ಅವಳ ಸಾಲುಗಳೇ. ಅದನ್ನು ಅವ್ವನದು ಎಂದುಕೊಂಡಾಗ ಮಾತ್ರ ನಾನು ಕೆನ್ನೆ ಒತ್ತಿ ಅತ್ತೆ. ಅವಳದು ಎಂದು ಗೊತ್ತಿದ್ದರೆ ಅದೂ ಬಯಲೇ ಆಗುತ್ತಿತ್ತು, ಅದರ ಮೇಲೂ ಅಕ್ಕಿಕಾಳು ಬೀಳುತ್ತಿತ್ತು. ಇದನ್ನು ಅವಳಿಗೆ ಹೇಳಲು ನನ್ನಿಂದ ಆಗಿಲ್ಲ. ಅವಳನ್ನು ಒಂದು ಸಲ ಅವ್ವ ಎಂದು ಕರೆಯೋಣ ಎನಿಸುತ್ತದೆ. ಈ ವಯಸ್ಸಿನಲ್ಲಿ ನಾಲಿಗೆ ಏಳುವುದಿಲ್ಲ.

ಕೆಂಪು ತೇಪೆಯನ್ನು ಬಿಚ್ಚಿ ಮೊದಲಿದ್ದ ಕಡೆಗೇ ಹಾಕುತ್ತೇನೆ ಎಂದು ಒಂದು ದಿನ ಸೂಜಿ ದಾರ ತೆಗೆದುಕೊಂಡು ಬಂದೆ. ಅವಳು ಕೌದಿಯನ್ನು ಎಳೆದುಕೊಂಡಳು. "ಬ್ಯಾಡ. ಅದನ್ನ ತಿರುಗ್ಸೋದು ಯಾರಾದ್ರೂ ಹೋದಾಗ. ನಾನಿನ್ನೂ ಇದೀನಿ. ನಾನು ಹೋದ್ಮೇಲೆ ತಿರುಗ್ಸು, ಆವಾಗ ನಿಮ್ಮವ್ವನ ಕಡೆಗೇ ಬರ್ತತೆ, ಸರಿಹೋಗ್ತತೆ." ಲೆಕ್ಕ ಸರಿಯಾಗಿತ್ತು. ನಾನು ಸೂಜಿಯನ್ನು ರೀಲಿಗೆ ಚುಚ್ಚಿಟ್ಟೆ.

ಕಣ್ಣು ಸುಧಾರಿಸಿದರೂ ದೊಡ್ಡವ್ವ ಇಲ್ಲೇ ಉಳಿದಿದ್ದಾಳೆ. ಮಧ್ಯಾಹ್ನ ಉಂಡ ಮೇಲೆ ಸ್ವಲ್ಪ ಅಡ್ಡಾಗುತ್ತಾಳೆ. ನಾನು ಕೌದಿ ಹೊದಿಸುತ್ತೇನೆ, ಕೆಂಪು ತೇಪೆ ಗಲ್ಲದ ಕಡೆಗೆ ಬರುವ ಹಾಗೆ, ಅವಳ ಮೆತ್ತನೆಯ ಹೊಲಿಗೆ ಅವಳಿಗೇ ಇರಲಿ ಎಂದು. ಮೆಷಿನ್ ಹತ್ತಿರ ಹೋಗಿ ಕೂತು ಒಂದು ಸಾಲು ಹೊಲಿಯುವುದರೊಳಗೆ ಅವಳು ಎದ್ದು ಕೂತಿರುತ್ತಾಳೆ. ಬೆರಳಲ್ಲಿ ತೇಪೆ ಹುಡುಕಿ, ಅದನ್ನು ಕಾಲಿನ ಕಡೆಗೆ ತಳ್ಳಿ, ನಾನು ತುಂಬಿದ ಬಿರುಸು ಅಂಚನ್ನು ಮುಖದವರೆಗೆ ಎಳೆದುಕೊಳ್ಳುತ್ತಾಳೆ.

"ದೊಡ್ಡವ್ವ, ಆ ಕಡೆ ಬಿರುಸೈತೆ. ಕೆನ್ನೆಗೆ ಚುಚ್ತತೆ."

"ಚುಚ್ಲಿ ಬಿಡು," ಎನ್ನುತ್ತಾಳೆ. "ಇಷ್ಟು ವರ್ಷ ನಿನ್ನ ಕಾಲ್ಕೆಳಗೆ ಇದ್ಲು ನನ್ನ ತಂಗಿ."

ನಾನು ಮತ್ತೆ ಮೆಷಿನ್ ಕಡೆಗೆ ತಿರುಗುತ್ತೇನೆ. ಅವಳು ಎದ್ದು ಟೀಗೆ ಬಂದು ಕೂತಾಗ ಕೆನ್ನೆಯ ಮೇಲೆ ಅಕ್ಕಿಕಾಳಿನ ಅಚ್ಚು ಬಿದ್ದಿರುತ್ತದೆ, ಟೀ ಕುಡಿದು ಮುಗಿಸುವವರೆಗೂ ಅದು ಹೋಗುವುದಿಲ್ಲ.